ಐದನೇ ಸೀರಮ್ಮಿನ ಸುಳ್ಳು ಬಲ

ದಾವಣಗೆರೆಯ ನಮ್ಮ ಪ್ರಯೋಗಾಲಯಕ್ಕೆ ದ್ರವ ಹಂಚುವ ಯಂತ್ರ ಬರುವವರೆಗೆ, ಎಚ್‌ಐವಿ ವಿರುದ್ಧದ ಪ್ರತಿಕಾಯಗಳ ಬಲ ಅಳೆಯುವ ಪರೀಕ್ಷೆಯನ್ನು ನಾನು ಕೈಯಿಂದಲೇ ಮಾಡುತ್ತಿದ್ದೆ. ಆರು ಪ್ಲೇಟ್ ದಾಟಿದರೆ ಹೆಬ್ಬೆರಳಿನ ಬುಡ ನೋಯತೊಡಗುತ್ತಿತ್ತು. ಸಂಜೆ ಹೊತ್ತಿಗೆ ಹಾಕಿದ ಅಳತೆಯ ಮೇಲೆ ನನಗೇ ನಂಬಿಕೆ ಇರುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಅಳತೆಯ ಚಿಂತೆ ಮುಗಿಯಿತೆಂದು ತಿಳಿದದ್ದು ನನ್ನ ತಪ್ಪು.

ಪರೀಕ್ಷೆಯ ಕ್ರಮ ಹೀಗಿದೆ. ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿದ್ರವವನ್ನು, 56 ಡಿಗ್ರಿಯಲ್ಲಿ ಕಾಯಿಸಿ, 96 ವೆಲ್‌ಗಳ (ಪುಟ್ಟ ಗುಂಡಿಗಳ) ಪ್ಲೇಟಿನ ಕೊನೆಯ ಸಾಲಿಗೆ 11 ಮೈಕ್ರೋಲೀಟರ್ ಹಾಕಿ, ಅಲ್ಲಿಂದ ಒಂದೊಂದೇ ಸಾಲು ಮೇಲೇರುತ್ತ ಮೂರು ಪಟ್ಟು ತೆಳುಗೊಳಿಸುತ್ತೇವೆ. 1:20ರಿಂದ ಹೊರಟದ್ದು ಎಂಟನೇ ಹಂತದಲ್ಲಿ 1:43,740 ಆಗುತ್ತದೆ. ಬಳಿಕ ಸೂಡೊವೈರಸ್ ಸೇರಿಸುತ್ತೇವೆ. ಇದಕ್ಕೆ ಎಚ್‌ಐವಿಯ ಹೊದಿಕೆ ಇರುತ್ತದೆ, ಆದರೆ ಒಮ್ಮೆ ಕೋಶವನ್ನು ಹೊಕ್ಕ ಮೇಲೆ ಮತ್ತೆ ವೃದ್ಧಿಯಾಗುವ ಶಕ್ತಿ ಇರುವುದಿಲ್ಲ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಸಿ ಉಪಬಗೆಯಾದ್ದರಿಂದ ನಾವು ಆ ಹೊದಿಕೆಗಳನ್ನೇ ಮುಖ್ಯವಾಗಿ ಬಳಸುತ್ತೇವೆ. ಒಂದು ಗಂಟೆಯ ನಂತರ ಪ್ರತಿ ವೆಲ್‌ಗೂ ಟಿಝಡ್‌ಎಂ-ಬಿಎಲ್ ಎಂಬ, ಪ್ರಯೋಗಾಲಯದಲ್ಲಿ ಬೆಳೆಸಿದ ಸುಮಾರು 10,000 ಮಾನವ ಕೋಶಗಳನ್ನು ಹಾಕಿ, 48 ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತೇವೆ. ವೈರಸ್ ಒಳಹೊಕ್ಕ ಕೋಶ ಲೂಸಿಫೆರೇಸ್ ಎಂಬ ಕಿಣ್ವವನ್ನು ತಯಾರಿಸುವುದರಿಂದ, ರಾಸಾಯನಿಕ ಸೇರಿಸಿದಾಗ ಬೆಳಕು ಸೂಸುತ್ತದೆ. ಪ್ರತಿಕಾಯ ವೈರಸ್ಸನ್ನು ತಡೆದಿದ್ದರೆ ಬೆಳಕು ಕಡಿಮೆ. ಬೆಳಕನ್ನು ಅರ್ಧಕ್ಕೆ ಇಳಿಸುವ ತೆಳುವಿನ ಮಟ್ಟವೇ ಐಡಿ50.

ಲಸಿಕೆ ಸಂಶೋಧನೆಯಲ್ಲಿ ಈ ಒಂದು ಸಂಖ್ಯೆಗೆ ಬಹಳ ತೂಕವಿದೆ. ಪ್ರತಿಕಾಯವನ್ನೇ ಜನರಿಗೆ ನೀಡಿ ನೋಡಿದ, 2021ರಲ್ಲಿ ಪ್ರಕಟವಾದ ಎಎಂಪಿ ಎಂಬ ಪ್ರಯೋಗಗಳಲ್ಲಿ ವಿಆರ್‌ಸಿ01 ಎಂಬ ಪ್ರತಿಕಾಯ ಒಟ್ಟಾರೆ ಸೋಂಕನ್ನು ತಡೆಯಲಿಲ್ಲವಾದರೂ, ಪ್ರಯೋಗಾಲಯದಲ್ಲಿ ಅದಕ್ಕೆ ಸುಲಭವಾಗಿ ಮಣಿಯುತ್ತಿದ್ದ ವೈರಸ್‌ಗಳ ವಿರುದ್ಧ ಸುಮಾರು 75 ಪ್ರತಿಶತ ರಕ್ಷಣೆ ಕಂಡುಬಂದಿತ್ತು. ಯಾವ ವೈರಸ್ ಮಣಿಯುತ್ತದೆ ಎಂದು ಅಲ್ಲಿ ನಿರ್ಧರಿಸಿದ್ದು ಇದೇ ಬಗೆಯ ಪ್ಲೇಟುಗಳು. ಆದ್ದರಿಂದ ಇಲ್ಲದ ಬಲವನ್ನು ಇದೆಯೆಂದು ತೋರಿಸುವ ಪ್ಲೇಟು, ಏನನ್ನೂ ತೋರಿಸದ ಪ್ಲೇಟಿಗಿಂತ ಕೆಟ್ಟದ್ದು.

ನಮ್ಮ ಪ್ಲೇಟಿನಲ್ಲಿ ಒಂದನೇ ಕಾಲಂ ಬರಿ ಕೋಶಗಳಿಗೆ, ಎರಡನೆಯದು ಸೀರಮ್ ಇಲ್ಲದ ವೈರಸ್ಸಿಗೆ, ಉಳಿದ ಹತ್ತು ಕಾಲಂಗಳು ಎರಡೆರಡರಂತೆ ಐದು ಸೀರಮ್‌ಗಳಿಗೆ ಮೀಸಲು. ಯಂತ್ರ ಬಂದ ಎರಡನೇ ತಿಂಗಳಲ್ಲಿ ಫಲಿತಾಂಶಗಳನ್ನು ಒಟ್ಟಿಗೆ ನೋಡುವಾಗ, ಐದನೇ ಸ್ಥಾನದ ಸೀರಮ್ ಯಾವುದೇ ಇರಲಿ, ತುಸು ಹೆಚ್ಚು ಬಲಶಾಲಿಯಾಗಿ ಕಾಣುತ್ತಿರುವುದು ಗಮನಕ್ಕೆ ಬಂತು. ಜೋಡಿ ಕಾಲಂಗಳ ಅಂಕಿಗಳು ಪರಸ್ಪರ ಚೆನ್ನಾಗಿ ಹೊಂದುತ್ತಿದ್ದವು, ವೈರಸ್ ಕಾಲಮ್ಮಿನ ಬೆಳಕು ಕೋಶಗಳ ಕಾಲಮ್ಮಿಗಿಂತ ಹತ್ತು ಪಟ್ಟಿಗೂ ಮಿಗಿಲಾಗಿಯೇ ಇತ್ತು. ಅಂದರೆ ಒಪ್ಪಿಗೆಯ ನಿಯಮಗಳೆಲ್ಲ ಪಾಲನೆಯಾಗಿದ್ದವು. ಕೈಯಿಂದ ಮಾಡಿದಾಗ ತಪ್ಪು ಅಲ್ಲೊಂದು ಇಲ್ಲೊಂದು ಬಿದ್ದು, ಜೋಡಿಗಳಲ್ಲಿ ವ್ಯತ್ಯಾಸವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಯಂತ್ರ ಮಾತ್ರ ಒಂದೇ ತಪ್ಪನ್ನು ಎರಡೂ ಕಾಲಂಗಳಲ್ಲಿ ಅಷ್ಟೇ ಅಚ್ಚುಕಟ್ಟಾಗಿ ಮಾಡುತ್ತಿತ್ತು.

ಐದನೇ ಸ್ಥಾನದಲ್ಲಿ ಸೋಂಕಿಲ್ಲದವರ ಸೀರಮ್ ಇಟ್ಟು ನೋಡಿದೆ. ನಿಜವಾದ ಪ್ರತಿಕಾಯವಾದರೆ ಸೀರಮ್ ತೆಳುವಾದಂತೆ ತಡೆಯೂ ಕರಗಬೇಕು. ಇಲ್ಲಿ ತೀರ ತೆಳುವಾದ ಮೇಲಿನ ಸಾಲಿನಲ್ಲೂ ಬೆಳಕು ಅಷ್ಟೇ ಕುಗ್ಗಿತ್ತು, ಗೆರೆ ಮಲಗಿದಂತಿತ್ತು. ಎಚ್‌ಐವಿಗೆ ಸಂಬಂಧವಿಲ್ಲದ, ಇಲಿಗಳ ಲ್ಯುಕೇಮಿಯಾ ವೈರಸ್ಸಿನ ಹೊದಿಕೆಯ ಸೂಡೊವೈರಸ್ ಹಾಕಿದಾಗಲೂ ಅದೇ ಕಥೆ. ಸೀರಮ್‌ಗಳ ಜಾಗ ಅದಲುಬದಲು ಮಾಡಿದರೆ ಬಲ ಸೀರಮ್ಮಿನ ಜೊತೆ ಹೋಗದೆ ಅದೇ ಜಾಗದಲ್ಲಿ ಉಳಿಯಿತು. ಏಪ್ರಿಲ್ ಬಿಸಿಲಿಗೆ ಅಂಚಿನ ವೆಲ್‌ಗಳು ಆರುತ್ತಿರಬಹುದೆಂದು ಇನ್‌ಕ್ಯುಬೇಟರ್‌ನ ನೀರಿನ ತಟ್ಟೆ ತುಂಬಿಸಿ ಒಂದು ವಾರ ಕಳೆದೆ. ವ್ಯರ್ಥ.

ಯಂತ್ರದ ಮುಂದೆ ನಿಂತು ನಾನು ಗೊಣಗುತ್ತಿದ್ದಾಗ, ಯಂತ್ರ ದ್ರವ ಹೀರುವ ಟಿಪ್‌ಗಳ (ತುದಿನಳಿಕೆಗಳ) ಡಬ್ಬಿಗಳನ್ನು ಜೋಡಿಸುತ್ತಿದ್ದ ನಮ್ಮ ಹಿರಿಯ ಅಟೆಂಡರ್, ಕೋಶಗಳಿದ್ದ ಟ್ರೇಯನ್ನು ತೋರಿಸಿ, “ಸರ್, ಮಜ್ಜಿಗಿ ಅಲುಗಾಡಿಸ್ದಂಗೆ ಬಡಿಸಿದ್ರೆ ಎಲ್ಲ ಪಂಕ್ತಿಗೂ ಒಂದೇ ಸಮ ಎಲ್ಲಿ ಬರ್ತೈತಿ?” ಎಂದರು. ಟ್ರೇಯ ತಳದಲ್ಲಿ ಬಿಳಿಯ ತೆಳುಪದರ ಕೂತಿತ್ತು. ಸಮಯ ಉಳಿಸಲೆಂದು ನಾನೇ ಬರೆದಿದ್ದ ಪ್ರೋಗ್ರಾಂ, ನಾಲ್ಕು ಪ್ಲೇಟುಗಳಿಗೂ ಮೊದಲು ಒಂದನೇ ಕಾಲಂ, ಆಮೇಲೆ ಎರಡನೆಯದು ಎಂಬಂತೆ ಕೋಶಗಳನ್ನು ಹಂಚುತ್ತಿತ್ತು. ಟಿಪ್‌ಗಳು ತಳದ ಹತ್ತಿರದಿಂದ ಹೀರುತ್ತಿದ್ದುದರಿಂದ ಗಟ್ಟಿಯಾದದ್ದು ಮೊದಲ ಕಾಲಂಗಳಿಗೆ ಹೋಗಿ, ಹನ್ನೊಂದು, ಹನ್ನೆರಡನೆಯದಕ್ಕೆ ನೀರುನೀರಾದದ್ದು ಉಳಿಯುತ್ತಿತ್ತು. ಕೋಶ ಕಡಿಮೆಯಾದಲ್ಲಿ ಬೆಳಕೂ ಕಡಿಮೆ; ಅದನ್ನು ನಾವು ಪ್ರತಿಕಾಯದ ಬಲವೆಂದು ಓದುತ್ತಿದ್ದೆವು.

ಈಗ ಪ್ರತಿ ಸಲ ಹೀರುವ ಮುನ್ನ ಯಂತ್ರ ಟ್ರೇಯೊಳಗೆ ಮೂರು ಬಾರಿ ಕಲಕುತ್ತದೆ, ಒಂದು ಪ್ಲೇಟ್ ಮುಗಿಸಿದ ಮೇಲಷ್ಟೇ ಮುಂದಿನದಕ್ಕೆ ಹೋಗುತ್ತದೆ. ಪ್ರತಿ ಸೋಮವಾರ ಸೀರಮ್ಮೇ ಇಲ್ಲದ, ಎಲ್ಲ ಕಾಲಂಗಳಲ್ಲೂ ವೈರಸ್ ಮತ್ತು ಕೋಶ ಮಾತ್ರ ಇರುವ ಪ್ಲೇಟೊಂದನ್ನು ಓಡಿಸಿ, ಎಡದಿಂದ ಬಲಕ್ಕೆ ಬೆಳಕು ಇಳಿಯುತ್ತಿದೆಯೇ ಎಂದು ನೋಡುತ್ತೇನೆ. ಐದನೇ ಸ್ಥಾನದಲ್ಲಿ ಕೂತಿದ್ದ ಹಳೆಯ ಸೀರಮ್‌ಗಳನ್ನೆಲ್ಲ ಫ್ರೀಜರ್‌ನಿಂದ ತೆಗೆದು ಮತ್ತೆ ಪರೀಕ್ಷಿಸಿದೆವು. ನಾವು ಖುಷಿಯಿಂದ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದವುಗಳಲ್ಲಿ ಎರಡು ಮಾತ್ರ ಉಳಿದುಕೊಂಡವು.