ತಂಡದಿಂದ ತಂಡಕ್ಕೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ ನಾನು ಬದುಕಿದ ಬಗೆ

ನನ್ನಂಥ ಆಟಗಾರನಿಗೆ ಏಜೆಂಟ್‌ನ ಕರೆ ಬರುವುದು ಸಾಮಾನ್ಯವಾಗಿ ಬೇರೆ ಯಾರದೋ ಮೊಣಕಾಲು ತಿರುಚಿದಾಗ, ಇಲ್ಲವೇ ಯಾವುದೋ ತಂಡ ಸಾಲಾಗಿ ಸೋತು ಕೋಚ್‌ನ ಕುರ್ಚಿ ಅಲುಗಾಡತೊಡಗಿದಾಗ. ಮರುದಿನ ವಿಮಾನ, ಇಳಿದ ಕೂಡಲೇ ವೈದ್ಯಕೀಯ ಪರೀಕ್ಷೆ, ಸಂಜೆ ಅಭ್ಯಾಸ, ವಾರಾಂತ್ಯಕ್ಕೆ ಪಂದ್ಯ. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ನನ್ನ ಬದುಕು ಸಾಗಿದ್ದು ಹೀಗೆಯೇ. ಒಂದೇ ಅಂಗಿ ತೊಟ್ಟು ಎರಡು ಋತು ಪೂರ್ತಿ ಆಡಿದ್ದು ಅಪರೂಪ. ಇದನ್ನು ನೆಲೆ ಸಿಗದವರ ಹಾದಿ ಎಂದು ಕರುಣೆಯಿಂದ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಾರಾ ಆಟಗಾರನ ಸುತ್ತ ತಂಡವನ್ನು ಕಟ್ಟುತ್ತಾರೆ. ನಮಗೆ ಇನ್ನೊಬ್ಬರು ಕಟ್ಟಿ ಮುಗಿಸಿದ ತಂಡದೊಳಗೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುವ ಕೆಲಸ. ಅದು ಬೇರೆಯೇ ಕಸುಬು, ಅದಕ್ಕೂ ವರ್ಷಗಳ ಸಾಧನೆ ಬೇಕು.

ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿಯೂ ಈ ಕಸುಬಿಗೆ ದೊಡ್ಡ ಪರಂಪರೆಯಿದೆ. ಚಕ್ಕಿ ಬ್ರೌನ್, ಜಿಮ್ ಜಾಕ್ಸನ್, ಟೋನಿ ಮ್ಯಾಸೆನ್‌ಬರ್ಗ್, ಜೋ ಸ್ಮಿತ್ ತಲಾ 12 ತಂಡಗಳಿಗೆ ಆಡಿದವರು. ಆ ದಾಖಲೆ ಮುರಿದ ಇಶ್ ಸ್ಮಿತ್ ಅವರನ್ನು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಅವರು 13ನೆಯ ತಂಡವಾದ ಡೆನ್ವರ್ ನಗೆಟ್ಸ್ ಜೊತೆ 2023ರಲ್ಲಿ ಚಾಂಪಿಯನ್ ಆದರು. ಆ ಫೈನಲ್‌ನಲ್ಲಿ ಅಂಕಣದ ಪಕ್ಕದ ಬೆಂಚಿನಲ್ಲಿ ಅವರನ್ನು ನೋಡಿದಾಗ ನನಗಾದ ಹೆಮ್ಮೆ ಇನ್ನೂ ಆರಿಲ್ಲ.

ಹೊಸ ತಂಡಕ್ಕೆ ಹೋದ ದಿನ ನಾನು ಸಹಾಯಕ ಕೋಚ್‌ನನ್ನು ಮೊದಲು ಕೇಳುತ್ತಿದ್ದುದು ಒಂದೇ ವಿಷಯ: ಪಿಕ್ ಅಂಡ್ ರೋಲ್ ಅನ್ನು, ಅಂದರೆ ಜೊತೆಗಾರ ಅಡ್ಡ ನಿಂತು ಹಾಕುವ ತಡೆಯನ್ನು (ಸ್ಕ್ರೀನ್) ಬಳಸಿ ನುಗ್ಗುವ ದಾಳಿಯನ್ನು, ಇಲ್ಲಿ ಹೇಗೆ ತಡೆಯುತ್ತೀರಿ? ಎದುರಾಳಿಗಳು ಸ್ಕ್ರೀನ್ ಹಾಕಿದಾಗ ನಮ್ಮ ದೊಡ್ಡ ಆಟಗಾರ ಹಿಂದೆ ಸರಿದು ರಿಂಗ್ ಕಾಯುತ್ತಾನೆಯೇ, ಮುಂದೆ ನುಗ್ಗಿ ಚೆಂಡು ಹಿಡಿದವನನ್ನು ಅಡ್ಡಗಟ್ಟುತ್ತಾನೆಯೇ, ಅಥವಾ ಕಾವಲುಗಾರರಿಬ್ಬರೂ ಆಳು ಬದಲಿಸಿಕೊಳ್ಳುತ್ತಾರೆಯೇ? ಎಲ್ಲ ತಂಡಗಳೂ ಮಾಡುವುದು ಇವೇ ಕೆಲವು ಉಪಾಯಗಳನ್ನು. ಆದರೆ ಒಂದು ಕಡೆ ಅದಕ್ಕೆ ಬಣ್ಣದ ಹೆಸರು, ಇನ್ನೊಂದು ಕಡೆ ಸಂಖ್ಯೆ, ಮತ್ತೊಂದು ಕಡೆ ಊರಿನ ಹೆಸರು. ಚೆಂಡು ಹೊಡೆಯಲು ಉಳಿದ ಸಮಯ ಎಣಿಸುವ ಶಾಟ್ ಕ್ಲಾಕ್ ಓಡುತ್ತಿರುವಾಗ ತಲೆಯಲ್ಲಿ ಅನುವಾದ ಮಾಡಿಕೊಂಡು ನಿಲ್ಲುವಂತಿಲ್ಲ. ಹಾಗಾಗಿ ಪ್ರತಿ ಋತುವಿಗೊಂದು ನೋಟ್‌ಬುಕ್ ಇಟ್ಟು, ಹಳೆಯ ತಂಡದ ಕೂಗಿನ ಎದುರಿಗೆ ಹೊಸ ತಂಡದ ಕೂಗನ್ನು ಬರೆದುಕೊಂಡು, ರಾತ್ರಿ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ಹೇಳುತ್ತ ಕಾಲು ಇಡುವುದನ್ನು ಅಭ್ಯಾಸ ಮಾಡುತ್ತಿದ್ದೆ. ದಾಳಿಯ ತಂತ್ರಗಳು ನಿಧಾನಕ್ಕೆ ಬಂದರೂ ನಡೆಯುತ್ತದೆ. ಮೊದಲ ವಾರ ನೀವು ಮೂಲೆಯಲ್ಲಿ ನಿಂತು ಜಾಗ ಬಿಡಿಸಿಕೊಟ್ಟರೆ ಸಾಕು, ಯಾರೂ ಬೇಸರಪಡುವುದಿಲ್ಲ. ರಕ್ಷಣೆಯಲ್ಲಿ ಒಬ್ಬ ತಡವರಿಸಿದರೆ ಐವರೂ ಚದುರುತ್ತಾರೆ, ಕೋಚ್ ಬದಲಿ ಆಟಗಾರನತ್ತ ತಿರುಗುತ್ತಾನೆ.

ಲೀಗ್ ಬದಲಾದಂತೆ ಆಟವೂ ಬದಲಾಗುತ್ತದೆ ಎಂಬುದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದಲ್ಲಿ ಪಂದ್ಯ 40 ನಿಮಿಷ, ಐದು ಫೌಲ್‌ಗೆ ಹೊರಗೆ. ಎನ್‌ಬಿಎಯಲ್ಲಿ 48 ನಿಮಿಷ, ಆರು ಫೌಲ್. ಇದಕ್ಕಿಂತ ದೊಡ್ಡ ವ್ಯತ್ಯಾಸ ರಿಂಗ್‌ನ ಕೆಳಗಿನ ಜಾಗದಲ್ಲಿದೆ. ಎನ್‌ಬಿಎಯಲ್ಲಿ ರಕ್ಷಣಾ ಆಟಗಾರ ಯಾರನ್ನೂ ಹತ್ತಿರದಿಂದ ಕಾಯದೆ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಫಿಬಾದಲ್ಲಿ ಆ ನಿಯಮವೇ ಇಲ್ಲ. ಎತ್ತರದ ಸೆಂಟರ್ ಬೇಕಾದಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಬಹುದು, ನುಗ್ಗುವ ದಾರಿ ಮುಚ್ಚಿಯೇ ಇರುತ್ತದೆ. ಚೆಂಡು ರಿಂಗ್‌ಗೆ ತಾಗಿದ ಮೇಲೆ ಅದರ ಅಂಚಿನ ಮೇಲಿರುವಾಗಲೇ ಅದನ್ನು ತಟ್ಟಿಹಾಕಲು ಫಿಬಾದಲ್ಲಿ ಅವಕಾಶವಿದೆ, ಎನ್‌ಬಿಎಯಲ್ಲಿ ಇಲ್ಲ. ರಿಂಗ್‌ನ ಬಳಿಯೇ ದುಡಿಯುವವರಿಗೆ ಈ ಅಭ್ಯಾಸವನ್ನು ಕೈಯಿಂದ ಬಿಡಿಸುವುದು ಬಲು ಕಷ್ಟ.

ಇದೆಲ್ಲವನ್ನೂ ಲೆಕ್ಕ ಹಾಕಿಯೇ ನಾನು ನನ್ನ ಜಾಗವನ್ನು ಆರಿಸಿಕೊಂಡೆ. ಆಚೆಯಿಂದ ಹೊಡೆದರೆ ಮೂರು ಅಂಕ ಸಿಗುವ ತ್ರೀ ಪಾಯಿಂಟ್ ಗೆರೆ ಫಿಬಾದಲ್ಲಿ 6.75 ಮೀಟರ್, ಎನ್‌ಬಿಎಯಲ್ಲಿ 7.24, ಸುಮಾರು ಅರ್ಧ ಮೀಟರ್ ಅಂತರ. ಮೂಲೆಯಲ್ಲಿ ಮಾತ್ರ ಫಿಬಾದ್ದು 6.60, ಎನ್‌ಬಿಎಯದ್ದು 6.71. ಯಾವ ಲೀಗ್‌ಗೆ ಹೋದರೂ ಬಹುತೇಕ ಹಾಗೆಯೇ ಉಳಿಯುವ ಹೊಡೆತ ಮೂಲೆಯದು. ಎದುರಾಳಿಯ ಸಹಾಯದ ಕಾವಲುಗಾರ ಒಳಗೆ ಸರಿದಾಗಲೆಲ್ಲ ಚೆಂಡು ಬಂದು ಸೇರುವುದೂ ಅಲ್ಲಿಗೇ. ಬೇಸಿಗೆಯ ಬಿಡುವಿನಲ್ಲಿ ಆ ಎರಡು ಮೂಲೆಗಳಿಂದ ನಾನು ಹೊಡೆದಷ್ಟು ಚೆಂಡುಗಳನ್ನು ಅಂಕಣದ ಇನ್ನಾವ ಜಾಗದಿಂದಲೂ ಹೊಡೆದಿಲ್ಲ. ಜೊತೆಗೆ ಎದುರಾಳಿಗಳ ಅತ್ಯುತ್ತಮ ಗಾರ್ಡ್‌ನನ್ನು ಕಾಯುವ ಹೊಣೆಯನ್ನು ಕೇಳಿ ಪಡೆದುಕೊಂಡೆ. ಇವೆರಡೇ ನನ್ನ ಬಂಡವಾಳ.

ಆದರೂ ವಿದೇಶಿ ಆಟಗಾರನಾಗಿ ಹೋದಾಗ ಒತ್ತಡ ಬೇರೆಯೇ ಬಗೆಯದು. ಬಹಳಷ್ಟು ಲೀಗ್‌ಗಳಲ್ಲಿ ವಿದೇಶಿಯರ ಸಂಖ್ಯೆಗೆ ಮಿತಿಯಿದೆ. ಫಿಲಿಪೀನ್ಸ್‌ನ ವೃತ್ತಿಪರ ಲೀಗ್ ಪಿಬಿಎಯ ಕೆಲವು ಟೂರ್ನಿಗಳಲ್ಲಿ ವಿದೇಶಿಯ ಎತ್ತರಕ್ಕೂ ಮಿತಿ ಹಾಕಿ, ಅಳತೆ ಮಾಡಿಯೇ ಒಳಗೆ ಬಿಡುತ್ತಾರೆ. ಜಾಗ ಅಷ್ಟು ಕಡಿಮೆಯಿರುವಾಗ ಸೋಲಿನ ಹೊಣೆ ಮೊದಲು ವಿದೇಶಿಯ ತಲೆಗೆ. ಸ್ಥಳೀಯ ಆಟಗಾರನಿಗೆ ಫಾರ್ಮ್ ಮರಳುವ ತನಕ ಕಾಯುತ್ತಾರೆ, ನಮ್ಮ ಬದಲಿಗೆ ಇನ್ನೊಬ್ಬನಿಗೆ ಟಿಕೆಟ್ ತೆಗೆಸುತ್ತಾರೆ. ಅಂಥ ವಾರಗಳಲ್ಲಿ ಅಂಕಪಟ್ಟಿಗಾಗಿ ಆಡುವ ಆಸೆ ಹುಟ್ಟುತ್ತದೆ. ಗೆಳೆಯರು ಹಾಗೆ ಆಡಿ ಒಪ್ಪಂದ ಉಳಿಸಿಕೊಂಡದ್ದನ್ನೂ ಕಂಡಿದ್ದೇನೆ, ಅವರನ್ನು ದೂರುವುದಿಲ್ಲ. ನನಗೆ ಮುಂದಿನ ಕೆಲಸ ಕೊಡಿಸಿದ್ದು ಮಾತ್ರ ಹೆಚ್ಚಾಗಿ ಹಿಂದಿನ ಕೋಚ್‌ಗಳ ಮಾತು. ಕೋಚ್‌ಗಳೂ ತಂಡ ಬದಲಿಸುತ್ತಲೇ ಇರುತ್ತಾರೆ, ಹೋದಲ್ಲೆಲ್ಲ ತಮಗೆ ನಂಬಿಕೆಯಿರುವವರನ್ನು ಕರೆಸಿಕೊಳ್ಳುತ್ತಾರೆ.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಿರಿಯರು ಅತಿ ಕಡಿಮೆ ಓದುವುದು ಅದನ್ನೇ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಹಿಂದೆ ನೋಂದಣಿಯಾಗಿದ್ದ ದೇಶದ ಫೆಡರೇಷನ್‌ನಿಂದ ನಿರಾಕ್ಷೇಪಣಾ ಪತ್ರ ಬರಬೇಕು. ಅದು ತಡವಾದರೆ ಸೂಟು ಹಾಕಿಕೊಂಡು ಪಂದ್ಯ ನೋಡುವುದೇ ಗತಿ. ಎನ್‌ಬಿಎಯಲ್ಲಿ ಜನವರಿ 5ರಿಂದ ಹತ್ತು ದಿನಗಳ ಒಪ್ಪಂದ ಆರಂಭವಾಗುತ್ತದೆ. ಒಂದೇ ತಂಡದಿಂದ ಒಂದು ಋತುವಿಗೆ ಅಂಥವು ಎರಡೇ. ಆಮೇಲೆ ಋತುವಿನ ಕೊನೆಯವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಕಳಿಸಬೇಕು. ಎನ್‌ಬಿಎ ಮತ್ತು ಅದರ ಕೆಳಹಂತದ ಜಿ ಲೀಗ್ ನಡುವೆ ಓಡಾಡುವ ಟೂ ವೇ ಒಪ್ಪಂದ 2017ರಲ್ಲಿ ಬಂತು.

ಒಪ್ಪಂದದಲ್ಲಿ ಸಂಬಳದ ಮೊತ್ತಕ್ಕಿಂತ ಮೊದಲು ನಾನು ಹುಡುಕುವುದು ಬಿಎಟಿ, ಅಂದರೆ ಕ್ಲಬ್ ಮತ್ತು ಆಟಗಾರರ ನಡುವಿನ ಒಪ್ಪಂದದ ಜಗಳಗಳನ್ನು ಬಗೆಹರಿಸುವ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಯ ಕಲಮನ್ನು. ಅದರ ಕೇಂದ್ರ ಜಿನೀವಾ, ಆರಂಭ 2007ರಲ್ಲಿ. ಒಬ್ಬರೇ ಪಂಚರು, ಬಹುಪಾಲು ದಾಖಲೆಗಳ ಮೇಲೆಯೇ, ಯಾವುದೋ ಒಂದು ದೇಶದ ಕಾನೂನಿಗೆ ಕಟ್ಟುಬೀಳದೆ ನ್ಯಾಯಸಮ್ಮತವೆನಿಸಿದಂತೆ ತೀರ್ಪು ಕೊಡುತ್ತಾರೆ. ತೀರ್ಪಿನಂತೆ ಹಣ ಕೊಡದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸಿಕೊಳ್ಳದಂತೆ ಫಿಬಾ ತಡೆಯಬಹುದು. ಒಂದು ಕ್ಲಬ್ ಋತುವಿನ ನಡುವೆ ನನಗೆ ಸಂಬಳ ನಿಲ್ಲಿಸಿದಾಗ ಆ ಕಲಮು ಒಪ್ಪಂದದಲ್ಲಿತ್ತು, ಪ್ರತಿ ಇಮೇಲ್ ನನ್ನ ಬಳಿ ಭದ್ರವಾಗಿತ್ತು. ತಡವಾಗಿಯಾದರೂ ಹಣ ಬಂತು. ಅದೇ ತಂಡದಲ್ಲಿ ಆ ಕಲಮು ಇಲ್ಲದೆ ಸಹಿ ಹಾಕಿದ್ದ ಗೆಳೆಯನೊಬ್ಬನಿಗೆ ಇವತ್ತಿಗೂ ಬಂದಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ದೇಹದ ವಿಷಯದಲ್ಲಿ ಒಂದು ಮಾತು. ಹೊಸ ತಂಡದ ಫಿಸಿಯೋಗೆ ನಿಮ್ಮ ಪಾದದ ಹಳೆಯ ಕಥೆ ಗೊತ್ತಿರುವುದಿಲ್ಲ. ಸ್ಕ್ಯಾನ್‌ಗಳು, ಶಸ್ತ್ರಚಿಕಿತ್ಸೆಯ ವರದಿಗಳು, ಯಾವ ವ್ಯಾಯಾಮ ಒಗ್ಗುತ್ತದೆ ಎಂಬ ಟಿಪ್ಪಣಿ, ಎಲ್ಲವೂ ಶೂಗಳ ಜೊತೆ ಕೈಚೀಲದಲ್ಲಿಯೇ ಇರಬೇಕು.

ಈಗ ಪ್ರಸ್ತಾವ ಹಿಡಿದು ಸಲಹೆ ಕೇಳುವ ಕಿರಿಯರಿಗೆ, ಕಳೆದ ಋತುವಿನಲ್ಲಿ ಅದೇ ಕ್ಲಬ್‌ನಲ್ಲಿ ಅದೇ ಸ್ಥಾನದಲ್ಲಿ ಆಡಿದವನನ್ನು ಹುಡುಕಿ ಫೋನ್ ಮಾಡು ಎನ್ನುತ್ತೇನೆ. ಸಂಬಳ ಯಾವ ತಾರೀಖಿಗೆ ಬರುತ್ತಿತ್ತು, ಹೊರಗಿನ ಪಂದ್ಯಗಳಿಗೆ ಫಿಸಿಯೋ ಜೊತೆಗೆ ಬರುತ್ತಿದ್ದರೇ, ಹೊಡೆತಗಳು ಬೀಳದ ವಾರದಲ್ಲಿ ಕೋಚ್ ಮಾತನಾಡಿಸುತ್ತಿದ್ದನೇ ಎಂದು ಕೇಳಬೇಕು. ಅಪರಿಚಿತನಾದರೂ ಅವನು ಉತ್ತರಿಸುತ್ತಾನೆ, ಏಕೆಂದರೆ ಮುಂದಿನ ವರ್ಷ ಅವನೂ ಯಾರಿಗಾದರೂ ಹೀಗೆಯೇ ಫೋನ್ ಮಾಡಬೇಕಾಗುತ್ತದೆ. ಆ ಉತ್ತರಗಳನ್ನು ನಂಬಿ ಹೆಚ್ಚು ಹಣದ ಪ್ರಸ್ತಾವಗಳನ್ನು ಬಿಟ್ಟುಕೊಟ್ಟಿದ್ದೇನೆ, ಅದಕ್ಕಾಗಿ ಒಮ್ಮೆಯೂ ಕೊರಗಿಲ್ಲ.