ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರದ ಲೆಕ್ಕ, ತಾಸಿನ ಲೆಕ್ಕ

ಅಮೆರಿಕದ ಮಗಳ ಮನೆಗೆ ಹೊರಟವರು ಕೇಳುವುದು ‘ಎಷ್ಟು ತಾಸು?’ ಎಂದು. ನಾನು ಶುರು ಮಾಡುವುದು ದೂರದಿಂದ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು.

ಬೆಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 13.20 ಡಿಗ್ರಿ ಉತ್ತರ, ರೇಖಾಂಶ 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ. ಹಾಗಾಗಿ ರೇಖಾಂಶಗಳನ್ನು ಕೂಡಬೇಕು: 200.09. ಇಲ್ಲಿ ಕಳೆದವರಿಗೆ ಅಮೆರಿಕ 5,200 ಕಿ.ಮೀ.ಗೇ ಸಿಕ್ಕಿಬಿಡುತ್ತದೆ. ಎರಡು ಅಕ್ಷಾಂಶಗಳ ಸೈನ್ ಗುಣಿಸಿಡಿ. ಅವೆರಡರ ಕಾಸ್ ಮತ್ತು 200.09ರ ಕಾಸ್, ಈ ಮೂರನ್ನೂ ಗುಣಿಸಿ ಅದಕ್ಕೆ ಕೂಡಿಸಿ. ಬರುವುದು −0.585. ಕಾಸ್ ಇನ್ವರ್ಸ್ ಒತ್ತಿದರೆ 125.8 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ಯಂತೆ 13,990 ಕಿ.ಮೀ. ಕ್ಯಾಲ್ಕುಲೇಟರ್ ಡಿಗ್ರಿ ಬಿಟ್ಟು ರೇಡಿಯನ್‌ನಲ್ಲಿದ್ದರೆ (ಕೋನ ಅಳೆಯುವ ಇನ್ನೊಂದು ಮಾನ) ಯಾವ ಊರಿಗೆ ಹಾಕಿದರೂ ಉತ್ತರ 350 ಕಿ.ಮೀ. ದಾಟುವುದಿಲ್ಲ. ಬೆಂಗಳೂರಿಗೆ ಶಿರಸಿಗಿಂತ ಅಮೆರಿಕವೇ ಹತ್ತಿರ!

ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ. ಅದು ನೇರ ಪೂರ್ವಕ್ಕೆ ಹೋಗದೆ ನೇಪಾಳ, ಟಿಬೆಟ್ ಹಾದು 71 ಡಿಗ್ರಿ ಉತ್ತರದವರೆಗೆ ಏರುತ್ತದೆ. ವಿಮಾನ ಮಾತ್ರ ದಾರದ ಮೇಲೆ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಬಿದ್ದರೆ 10,000 ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸುತ್ತು. ಕೆಲವು ದೇಶಗಳ ಆಕಾಶ ಬಂದ್ ಆದಾಗ ಇನ್ನಷ್ಟು ಸುತ್ತು.

ತಾಸಿಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ, ಏರುವುದಕ್ಕೆ, ಇಳಿಯುವುದಕ್ಕೆ ಅರ್ಧ ತಾಸು. ಕಾಗದದ ಮೇಲೆ 16. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ವಿಮಾನ ಶುರು ಮಾಡಿದಾಗ ಹೇಳಿದ್ದು ಗಾಳಿ ನೋಡಿಕೊಂಡು 17 ತಾಸಿನ ಮೇಲೆ. ದುಬೈ ಮೇಲೆ ಹೋದರೆ ದೂರ ಸುಮಾರು 15,700 ಕಿ.ಮೀ.; ಹಾರಾಟಕ್ಕೆ ಎರಡು ತಾಸು ಹೆಚ್ಚು, ಅಲ್ಲಿ ಕಾಯುವುದು ಬೇರೆ.

ಹೆಚ್ಚಿನವರು ಎಡವುವುದು ಟಿಕೆಟ್ ಓದುವಲ್ಲಿ. ಅದರಲ್ಲಿರುವುದು ಆಯಾ ಊರಿನ ಗಡಿಯಾರ. ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ ಮೂರು ತಾಸಿನದಲ್ಲ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಅದನ್ನು ಕೂಡಿಸಿದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 7, ಒಟ್ಟು ಹದಿನಾರೂವರೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ. ಬರಮಾಡಿಕೊಳ್ಳಲು ಬರುವವರಿಗೆ ಅಲ್ಲಿಯ ತಾರೀಖು, ಅಲ್ಲಿಯ ವೇಳೆಯನ್ನೇ ಹೇಳಿ.

ಇನ್ನು ನೆಲದ ದಾರಿ. 2.30ರ ವಿಮಾನಕ್ಕೆ 11.30ಕ್ಕೆ ನಿಲ್ದಾಣದಲ್ಲಿರಬೇಕು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಟ್ರಾಫಿಕ್ ಸೇರಿ ಎರಡು ತಾಸು ಇಟ್ಟುಕೊಳ್ಳಿ. ಶಿರಸಿಯಿಂದ ಹಿಂದಿನ ರಾತ್ರಿ 9ರ ಬಸ್ಸು ಹಿಡಿದರೆ ಸರಿಹೋಗುತ್ತದೆ, ನಡುವೆ ಸ್ನಾನ, ತಿಂಡಿಗೂ ಪುರಸೊತ್ತು. ಕಾರವಾರ, ಅಂಕೋಲಾ ಕಡೆಯವರು ಮಳೆಗಾಲದಲ್ಲಿ ಅರಬೈಲ್ ಘಟ್ಟ ನಂಬಿಕೊಂಡು ಅದೇ ರಾತ್ರಿ ಹೊರಡುವುದು ಬೇಡ. ಒಂದು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳಿ.