ತೋಟಕ್ಕೆ ವಾಕಿ-ಟಾಕಿ ತರುವ ಮುನ್ನ ಮೆಗಾಹರ್ಟ್ಸ್ ನೋಡಿ

ಕೊಡಗಿನ ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಎಲ್ಲರೂ ಕೇಳುವುದು ಒಂದೇ: ಆನೆ ಎಲ್ಲಿದೆ? ಕೆರೆ ಪಕ್ಕ ಇದೆ ಅಂತ ನೋಡಿದವರಿಗೆ ಗೊತ್ತಿರುತ್ತದೆ. ಕೊಲ್ಲಿಯ ಆಚೆ ಕಾಫಿ ಕೊಯ್ಯುವವರಿಗೆ ತಿಳಿಸುವುದು ಹೇಗೆ? ಎಷ್ಟೋ ತೋಟಗಳ ಒಳಗೆ ಮೊಬೈಲ್ ಸಿಗ್ನಲ್ಲೇ ಬರುವುದಿಲ್ಲ. ಜೋರು ಮಳೆಗೆ ಕರೆಂಟ್ ಹೋದರೆ ಇದ್ದ ಟವರೂ ಸುಮ್ಮನಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ತೋಟಕ್ಕೆ ನಾಲ್ಕು ವಾಕಿ-ಟಾಕಿ ಇದ್ದರೆ ಒಳ್ಳೆಯದು. ಆದರೆ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಯಾವುದೋ ಸೆಟ್ ತರಿಸಬೇಡಿ. ಬೆಲೆಗಿಂತ ಮೊದಲು ಅದು ಯಾವ ಮೆಗಾಹರ್ಟ್ಸ್‌ನಲ್ಲಿ, ಅಂದರೆ ರೇಡಿಯೊ ಅಲೆಯ ಯಾವ ಫ್ರೀಕ್ವೆನ್ಸಿಯಲ್ಲಿ, ಮಾತಾಡುತ್ತದೆ ಎಂದು ನೋಡಬೇಕು.

ಮೊದಲು: 446 ಇದೆಯಾ ನೋಡಿ

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ವಾಕಿ-ಟಾಕಿ ಬಳಸಲು ಬಿಟ್ಟಿರುವ ಜಾಗ 446.0ರಿಂದ 446.2 ಮೆಗಾಹರ್ಟ್ಸ್. 2018ರ ಅಕ್ಟೋಬರ್‌ನ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಇದು ಬಂತು. ಅಗಲ ಬರೀ 200 ಕಿಲೋಹರ್ಟ್ಸ್. ಒಂದು ಚಾನೆಲ್‌ಗೆ 12.5 ಕಿಲೋಹರ್ಟ್ಸ್ ಬೇಕು, ಅಂದರೆ 16 ಚಾನೆಲ್. ಮೊದಲನೆಯದರ ನಡುಬಿಂದು 446.00625, ಎರಡನೆಯದು 446.01875, ಹೀಗೆ ಮುಂದೆ. ಸೆಟ್‌ನ ಪೆಟ್ಟಿಗೆಯ ಮೇಲೆ 'ಪಿಎಂಆರ್ 446' ಎಂದಿದ್ದು, ಈ ಅಂಕಿಗಳು ಕೈಪಿಡಿಯಲ್ಲಿದ್ದರೆ ನೀವು ಹುಡುಕುತ್ತಿರುವುದು ಅದನ್ನೇ.

ಯುರೋಪಿನ ದೇಶಗಳು 1990ರ ದಶಕದ ಕೊನೆಯಲ್ಲಿ ಒಟ್ಟಾಗಿ ಒಪ್ಪಿಕೊಂಡ ಮಾನದಂಡ ಇದು. ಅಲ್ಲಿ ಈ ಸೆಟ್‌ಗಳ ಶಕ್ತಿಗೆ ಮಿತಿ ಅರ್ಧ ವಾಟ್. ಪೇಟೆಯಲ್ಲಿ ಸಿಗುವ ಬಹಳಷ್ಟು ಅಗ್ಗದ ಸೆಟ್‌ಗಳು 5 ವಾಟ್, ಅಂದರೆ ಹತ್ತು ಪಟ್ಟು. 'ಪವರ್ ಜಾಸ್ತಿ, ದೂರ ಹೋಗುತ್ತೆ' ಅಂತ ಅಂಗಡಿಯವರು ಹೇಳುತ್ತಾರೆ. ತೊಂದರೆ ಇರುವುದೂ ಅಲ್ಲೇ.

ವಿದೇಶದಿಂದ ಬಂದ ಸೆಟ್ ಆದರೆ

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಎರಡು ಸೆಟ್ ತಂದುಕೊಟ್ಟಿದ್ದಾರೆ ಅಂದುಕೊಳ್ಳಿ. ಗಟ್ಟಿಮುಟ್ಟು, ಒಳ್ಳೆ ಕಂಪನಿಯದು. ಆದರೂ ಇಲ್ಲಿ ಬಳಸುವಂತಿಲ್ಲ. ಅಲ್ಲಿನ ಮನೆಬಳಕೆಯ ವಾಕಿ-ಟಾಕಿಗಳು ಮಾತಾಡುವುದು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಆ ಜಾಗಕ್ಕೆ ಲೈಸೆನ್ಸ್ ವಿನಾಯಿತಿ ಇಲ್ಲ.

ಒಂದೇ ಗಾಳಿ, ಊರಿಗೊಂದು ನಿಯಮ ಏಕೆ? ರೇಡಿಯೊ ಅಲೆಗೆ ಗಡಿ ಗೊತ್ತಿಲ್ಲ. ಹಾಗಾಗಿ ಯಾವ ಫ್ರೀಕ್ವೆನ್ಸಿ ಯಾವ ಕೆಲಸಕ್ಕೆ ಎಂದು ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಳ್ಳುತ್ತವೆ. ಕೂರುವ ವೇದಿಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು. 1865ರಲ್ಲಿ ಪ್ಯಾರಿಸ್‌ನಲ್ಲಿ ತಂತಿ ಟಪಾಲಿಗಾಗಿ ಹುಟ್ಟಿದ ಸಂಸ್ಥೆ ಇದು. ಈಗ ಜಿನೀವಾದಲ್ಲಿದೆ, 194 ದೇಶಗಳು ಸದಸ್ಯರು. ಇದು ಜಗತ್ತನ್ನು ಮೂರು ವಲಯ ಮಾಡಿದೆ. ಯುರೋಪ್, ಆಫ್ರಿಕಾ ಒಂದನೆಯದರಲ್ಲಿ, ಅಮೆರಿಕ ಖಂಡಗಳು ಎರಡನೆಯದರಲ್ಲಿ, ಭಾರತ ಮೂರನೆಯದರಲ್ಲಿ. ಐಟಿಯು ಪಟ್ಟಿಯ ಒಳಗೇ ನಿಂತು ಪ್ರತಿ ದೇಶ ತನ್ನದೊಂದು ಯೋಜನೆ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ವಿಶ್ವ ರೇಡಿಯೊ ಸಮ್ಮೇಳನ ಸೇರುತ್ತದೆ. ಕಳೆದ ಸಲ ಸೇರಿದ್ದು 2023ರಲ್ಲಿ, ದುಬೈನಲ್ಲಿ.

ಈ ಒಪ್ಪಂದದ ಚಾಳಿ ಶುರುವಾದ ಕಥೆಯೂ ಹೇಳುವಂಥದ್ದೇ. 1902ರಲ್ಲಿ ಜರ್ಮನಿಯ ರಾಜಕುಮಾರ ಹೈನ್ರಿಚ್ ಹಡಗಿನಿಂದ ಸಂದೇಶ ಕಳಿಸಲು ನೋಡಿದ. ಅವನ ಹಡಗಿನಲ್ಲಿದ್ದದ್ದು ಬೇರೆ ಕಂಪನಿಯ ಯಂತ್ರ ಅಂತ ಮಾರ್ಕೋನಿ ಕಂಪನಿಯ ಕೇಂದ್ರಗಳು ಅದನ್ನು ತೆಗೆದುಕೊಳ್ಳಲೇ ಇಲ್ಲ. ಮರುವರ್ಷವೇ ಬರ್ಲಿನ್‌ನಲ್ಲಿ ದೇಶಗಳು ಸಭೆ ಸೇರಿದವು. 1906ರ ಬರ್ಲಿನ್ ಒಪ್ಪಂದದಲ್ಲಿ, ಯಾರ ಯಂತ್ರವಾದರೂ ಸರಿ, ಹಡಗಿನ ಸಂದೇಶ ತೆಗೆದುಕೊಳ್ಳಲೇಬೇಕು ಎಂದಾಯಿತು. ಎಸ್‌ಒಎಸ್ ಸಂಕೇತವನ್ನು ಎಲ್ಲರೂ ಒಪ್ಪಿದ್ದೂ ಆಗಲೇ.

5 ವಾಟ್ ಸೆಟ್ ಏಕೆ ಬೇಡ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಗ್ಗದ ಸೆಟ್‌ಗಳು ಸಾಮಾನ್ಯವಾಗಿ 136ರಿಂದ 174, ಮತ್ತೆ 400ರಿಂದ 480 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತಾಡುತ್ತವೆ. ಗುಂಡಿ ಒತ್ತಿ ಯಾವ ಅಂಕಿ ಹಾಕಿದರೂ ಸರಿ ಅನ್ನುತ್ತವೆ. ಆ ಅಂಕಿಗಳ ನಡುವೆ ಪೊಲೀಸರಂಥವರ ವೈರ್‌ಲೆಸ್ ಇರುತ್ತದೆ. ಹ್ಯಾಮ್‌ಗಳ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ, 144ರಿಂದ 146 ಇದೆ. ಕಡಲಲ್ಲಿ ಅಪಾಯದ ಕರೆಗೆ ಇಟ್ಟ 156.8 ಇದೆ.

ಇನ್ನೊಂದಿದೆ, 406. ಹಡಗು ಮುಳುಗುವಾಗ, ವಿಮಾನ ಬಿದ್ದಾಗ ತಾನಾಗಿ ಕೂಗುವ ಬೀಕನ್‌ಗಳಿಗೆ 406.0ರಿಂದ 406.1 ಮೆಗಾಹರ್ಟ್ಸ್ ಅನ್ನು ಇಡೀ ಜಗತ್ತು ಮೀಸಲಿಟ್ಟಿದೆ. ಆ ಕೂಗನ್ನು ಉಪಗ್ರಹಗಳು ಕೇಳಿಸಿಕೊಳ್ಳುತ್ತವೆ. ಈ ವ್ಯವಸ್ಥೆಯ ಭಾರತದ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಉಪಗ್ರಹ ಸಂಪರ್ಕ ಕೇಂದ್ರ ಇಸ್ಟ್ರಾಕ್‌ನಲ್ಲಿ. ಗುಡ್ಡದ ನೆತ್ತಿಯಲ್ಲಿ ನಿಂತು ಗೊತ್ತಿಲ್ಲದೆ ಆ ಅಂಕಿಯಲ್ಲಿ ಹರಟಿದರೆ, ಎಲ್ಲೋ ಮುಳುಗುತ್ತಿರುವ ದೋಣಿಯ ಕೂಗಿಗೆ ಅಡ್ಡ ಬಂದಂತೆ. ನನಗಂತೂ ದಂಡಕ್ಕಿಂತ ದೊಡ್ಡ ಕಾರಣ ಇದು.

ಕಾನೂನೂ ಬಿಡುವುದಿಲ್ಲ. ಲೈಸೆನ್ಸ್ ಬೇಕಾದ ವೈರ್‌ಲೆಸ್ ಸೆಟ್ಟನ್ನು ಹಾಗೇ ಇಟ್ಟುಕೊಳ್ಳುವುದೇ ತಪ್ಪು ಎನ್ನುವುದು 1933ರ ಕಾಯ್ದೆಯಿಂದ ಬಂದ ನಿಯಮ.

ಕೊಳ್ಳುವಾಗ

ಪ್ರತಿ ಮಾದರಿಗೂ ಇಟಿಎ, ಅಂದರೆ ಡಬ್ಲ್ಯುಪಿಸಿ ಕೊಡುವ ಉಪಕರಣ ಅನುಮೋದನೆ ಇರಬೇಕು. ಮಾರುವವರ ಹತ್ತಿರ ಆ ಪ್ರಮಾಣಪತ್ರದ ನಂಬರ್ ಕೇಳಿ. ಅದರಲ್ಲಿರುವ ಮಾದರಿಯ ಹೆಸರು, ನಿಮ್ಮ ಕೈಯಲ್ಲಿರುವ ಸೆಟ್‌ನ ಹೆಸರು ಒಂದೇನಾ ನೋಡಿ. ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ, ಇಟಿಎ ವಿವರ ಇವನ್ನೆಲ್ಲ ಆನ್‌ಲೈನ್ ಮಾರಾಟಗಾರರು ತೋರಿಸಲೇಬೇಕು ಎಂದು 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ವಿವರ ಹಾಕಿಲ್ಲದ ಸೆಟ್ಟನ್ನು ಸುಮ್ನೆ ಬಿಟ್ಟುಬಿಡಿ.

ಮಳೆಗೆ ತಡೆಯುವಂಥದ್ದು ಬೇಕು. ಒಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ.

ತೋಟದಲ್ಲಿ ಬಳಸುವುದು

ಪೆಟ್ಟಿಗೆ ಮೇಲೆ ಬರೆದಿರುವ '10 ಕಿಲೋಮೀಟರ್' ನಂಬಬೇಡಿ. ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. 446ರ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಬಗ್ಗಿ ಇಳಿಯುವುದಿಲ್ಲ. ಒದ್ದೆ ಎಲೆ ಅದನ್ನು ಹೀರುತ್ತದೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ, ಮೇಲೆ ಜುಲೈ ಮಳೆ. ಇದರ ನಡುವೆ ಕೆಲವು ನೂರು ಮೀಟರ್ ಸಿಕ್ಕರೂ ಕೆಲಸ ಆಗುತ್ತದೆ. ಎತ್ತರದಿಂದ ಎತ್ತರಕ್ಕಾದರೆ ಇನ್ನೂ ದೂರ ಹೋಗುತ್ತದೆ.

ಸೆಟ್ ಬಂದ ದಿನ ಒಬ್ಬರು ಕಣದಲ್ಲಿ ನಿಲ್ಲಿ. ಇನ್ನೊಬ್ಬರು ತೋಟ ಸುತ್ತಲಿ. ಎಲ್ಲಿ ಕೇಳುತ್ತದೆ, ಎಲ್ಲಿ ಕಡಿಯುತ್ತದೆ ಅಂತ ತೋಟದ ನಕ್ಷೆ ಮೇಲೆ ಗುರುತು ಹಾಕಿ. ಮಳೆಗಾಲದಲ್ಲಿ ಮತ್ತೊಮ್ಮೆ ಮಾಡಿ, ಗುರುತುಗಳು ಬದಲಾಗಿರುತ್ತವೆ. ಕೊಲ್ಲಿಯಿಂದ ಕಣಕ್ಕೆ ನೇರ ಸಿಗದಿದ್ದರೆ ದಿಣ್ಣೆ ಮೇಲೆ ಒಬ್ಬರು ನಿಂತು ಸುದ್ದಿ ದಾಟಿಸಬೇಕು.

ಗುಂಡಿ ಒತ್ತಿದ ಕೂಡಲೇ ಮಾತು ಶುರು ಮಾಡಬೇಡಿ, ಮೊದಲ ಪದ ಹಾರಿಹೋಗುತ್ತದೆ. ಒಂದು ಕ್ಷಣ ಬಿಟ್ಟು, ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು ಎಂದು ಹೇಳಿ. ಹೀಗೆ:

'ರೈಟರ್ ಸಾರ್, ರೈಟರ್ ಸಾರ್, ದಿಣ್ಣೆಯಿಂದ ಮಾತಾಡ್ತಿದ್ದೀನಿ. ಕೆರೆ ಪಕ್ಕ ಎರಡು ಆನೆ, ಒಂದು ಮರಿ. ಲೈನ್ ಮನೆ ಕಡೆ ಬರ್ತಿದ್ದಾವೆ. ಓವರ್.'

'ಸರಿ, ಕೇಳಿಸ್ತು. ಕೆರೆ ಪಕ್ಕ ಎರಡು, ಒಂದು ಮರಿ, ಲೈನ್ ಮನೆ ಕಡೆ. ಹೆಂಗಸರನ್ನು ಮೇಲೆ ಕರೆಸ್ತೀನಿ. ಓವರ್.'

ಕೇಳಿಸಿಕೊಂಡವರು ತಿರುಗಿ ಹೇಳಿದ್ದು ನೋಡಿದಿರಲ್ಲ? ಎಡವೋ ಬಲವೋ ಗೊಂದಲವಾದರೆ ಜೀವಕ್ಕೇ ಬರುತ್ತದೆ, ಅದಕ್ಕೇ.

ಪಕ್ಕದ ತೋಟದವರ ಜೊತೆ ಕೂತು

16 ಚಾನೆಲ್ ಎಲ್ಲರಿಗೂ ಸೇರಿದ್ದು. ಪಕ್ಕದ ತೋಟದವರು ನಿಮ್ಮ ಚಾನೆಲ್‌ಗೆ ಬಂದರೆ ಜಾಗ ಬಿಡಿಸುವ ಹಕ್ಕು ಯಾರಿಗೂ ಇಲ್ಲ. ನಮಗೆ ಅಡ್ಡಿಯಾಯಿತು ಅಂತ ದೂರು ಕೊಟ್ಟರೂ ರಕ್ಷಣೆ ಸಿಗುವುದಿಲ್ಲ. ಲೈಸೆನ್ಸ್ ವಿನಾಯಿತಿಯ ಷರತ್ತೇ ಅದು. ಹಾಗಾಗಿ ಅಕ್ಕಪಕ್ಕದ ಐದಾರು ತೋಟದವರು ಒಮ್ಮೆ ಕೂತು, ಯಾರಿಗೆ ಯಾವ ಚಾನೆಲ್ ಎಂದು ಬರೆದುಕೊಳ್ಳಿ. ಒಂದನ್ನು ಆನೆ ಸುದ್ದಿಗೇ ಎಲ್ಲರೂ ಬಿಡಿ. ಅದರಲ್ಲಿ ಬೇರೆ ಮಾತು ಬೇಡ. ಜಿನೀವಾದಲ್ಲಿ ದೇಶಗಳು ಮಾಡುವ ಕೆಲಸವನ್ನೇ ನೀವು ಜಗಲಿಯಲ್ಲಿ ಮಾಡಿದ ಹಾಗೆ.

ಸೆಟ್‌ನಲ್ಲಿ 'ಪ್ರೈವೆಸಿ ಕೋಡ್' ಇದ್ದರೆ ನಿಮ್ಮ ಮಾತು ಗುಟ್ಟಾಗಿರುತ್ತದೆ ಅಂದುಕೊಳ್ಳಬೇಡಿ. ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಅದು ಮಾಡುತ್ತದೆ ಅಷ್ಟೆ. ನಿಮ್ಮದು ಯಾರಿಗೆ ಬೇಕಾದರೂ ಕೇಳುತ್ತದೆ. ಕೂಲಿ ಬಟವಾಡೆಯ ಹಣ ಯಾವ ಹೊತ್ತಿಗೆ ಬರುತ್ತದೆ ಎನ್ನುವಂಥ ಮಾತು ಇದರಲ್ಲಿ ಆಡಬೇಡಿ.

ಇದು ಸಾಲದಿದ್ದರೆ

ತೋಟ ದೊಡ್ಡದು, ಅರ್ಧ ವಾಟ್ ಸಾಲದು ಎನ್ನುವವರು ಸರಳ ಸಂಚಾರ್ ಪೋರ್ಟಲ್‌ನಲ್ಲಿ ಡಬ್ಲ್ಯುಪಿಸಿಗೆ ಅರ್ಜಿ ಹಾಕಿ ತಮ್ಮದೇ ಫ್ರೀಕ್ವೆನ್ಸಿಗೆ ಲೈಸೆನ್ಸ್ ಪಡೆಯಬಹುದು. ಶುಲ್ಕವಿದೆ, ಸಮಯ ಹಿಡಿಯುತ್ತದೆ. ಎತ್ತರದ ಕಂಬ ಹಾಕಿ ಆಂಟೆನಾ ಕಟ್ಟುವುದಾದರೆ ಅದಕ್ಕೂ ಒಪ್ಪಿಗೆ ಬೇಕು.

ಹ್ಯಾಮ್ ಲೈಸೆನ್ಸ್ ತೆಗೆದುಕೊಂಡು ಅದರಲ್ಲೇ ತೋಟದ ಕೆಲಸ ನಡೆಸೋಣ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಹ್ಯಾಮ್ ರೇಡಿಯೊ ಸ್ವಂತ ಆಸಕ್ತಿಗೆ ಮಾತ್ರ, ಹಣದ ಲಾಭಕ್ಕಲ್ಲ ಎಂದು ಐಟಿಯು ನಿಯಮದಲ್ಲೇ ಇದೆ. ಆದರೆ ಗುಡ್ಡ ಕುಸಿದು ಫೋನ್ ಸತ್ತಾಗ ಹೊರಗಿನವರನ್ನು ತಲುಪಲು ಹ್ಯಾಮ್ ಬೇಕೇ ಬೇಕು. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್, ಅಂದರೆ ಚುಕ್ಕೆ-ಗೆರೆಯ ಸಂಕೇತ, ಬೇಡ. ಇದಕ್ಕೂ ಅರ್ಜಿ ಸರಳ ಸಂಚಾರ್‌ನಲ್ಲೇ. ಮಳೆಗಾಲಕ್ಕೆ ಮೊದಲು ಊರಿಗೊಬ್ಬರಾದರೂ, ಸಾಧ್ಯವಾದರೆ ಹೈಸ್ಕೂಲ್ ಮಕ್ಕಳೇ, ಹೆಸರು ಕೊಡಲಿ.